ಹತ್ತಕ್ಕೆ ಬೆಳಗಾಗುವ ಊರಿನಲ್ಲಿ

ಜೂನ್ ತಿಂಗಳು, ಪುಂತಾ ಅರೇನಾಸ್.
ಮೊದಲ ಪೀರಿಯಡ್ ಇನ್ನೂ ರಾತ್ರಿಯ ಲೆಕ್ಕಕ್ಕೆ ಸೇರಿದ್ದು.
ಕಿಟಕಿಯಲ್ಲಿ ಜಲಸಂಧಿ ಇಲ್ಲ, ಟ್ಯೂಬ್‌ಲೈಟಿನ ಕೆಳಗಿನ ನಾವೇ ಇದ್ದೇವೆ:
ನಲವತ್ತೆರಡು ಆಕಳಿಕೆ, ಒಬ್ಬಳು ನಾನು,
ಬಾಲ ತುಳಿಸಿಕೊಂಡ ಬೆಕ್ಕಿನಂತೆ ಕಿರುಗುಟ್ಟುವ ಗ್ಯಾಸ್ ಹೀಟರು.

ಮಾರ್ಕರ್ ಒಣಗಿದೆ. ನಿನ್ನೆಯೂ ಒಣಗಿತ್ತು.
ಒಣಗಿದ್ದನ್ನು ಬುಟ್ಟಿಗೆಸೆಯದೆ ಮತ್ತೆ ಹಲಗೆಯ ಅಂಚಿಗಿಡುವ
ಆ ಪುಣ್ಯಾತ್ಮ ಯಾರೆಂದು
ಇಪ್ಪತ್ತಮೂರು ವರ್ಷದಿಂದ ಹುಡುಕುತ್ತಿದ್ದೇನೆ.
ಒಮ್ಮೆ ಕೈಯಾರೆ ಹಿಡಿದೆ: ನಾನೇ.

"ಬಲಕ್ಕೆ ದಿಕ್ಕೂ ಉಂಟು," ಎನ್ನುತ್ತೇನೆ.
"ಪ್ರೊಫೆ, ಇದು ಪರೀಕ್ಷೆಗೆ ಬರುತ್ತದಾ?"
ನಯಾರೆತ್, ಪೆನ್ನಿನ ಮುಚ್ಚಳ ತೆಗೆಯುವ ಮುನ್ನ
ಬೆಲೆ ವಿಚಾರಿಸುವವಳು.
ಬರುತ್ತದೆ ಎಂದರೆ ಪೆನ್ನುಗಳು ಏಳುತ್ತವೆ,
ಇಲ್ಲ ಎಂದರೆ ಹೀಟರಿಗೇ ಪಾಠ ಹೇಳಬೇಕು.
ಎಲ್ಲವೂ ಬರುತ್ತದೆ ಕಂದಾ,
ಎಲ್ಲವೂ, ಎಂದು ಸುಳ್ಳು ಹೇಳಿ
ದೇವರ ಮುಖ ನೋಡದೆ ಮುಂದಿನ ಸಾಲು ಬರೆಯುತ್ತೇನೆ.

ಕೊನೆಯ ಬೆಂಚಿನಲ್ಲಿ ಯೆರ್ಕೊ ಮಾನ್ಸಿಯಾ,
ಹುಡ್ಡಿನೊಳಗೆ ಆಮೆ.
ಡೆಸ್ಕು ತಟ್ಟಿದೆ. ಹೆಸರು ಹಿಡಿದು ಕೂಗಿದೆ.
ತರಗತಿಯ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದೆ:
ನಿದ್ದೆ. ನಿದ್ದೆ. ಮತ್ತೆ ನಿದ್ದೆ.
ತಾಯಿಯನ್ನು ಕರೆಸಿದರೆ ಅಜ್ಜಿ ಬಂದರು,
ಉಣ್ಣೆಟೋಪಿ ತೆಗೆಯದೆ ಕೂತು, ನನ್ನ ಬೆರಳು ನೋಡಿ,
"ನಿಮ್ಮದೂ ಒಡೆದಿದೆಯಲ್ಲ, ಕುರಿಯ ಕೊಬ್ಬು ಹಚ್ಚಿ" ಅಂದರು.
ಹುಡುಗನ ವಿಚಾರ ಅಲ್ಲಿಗೇ ಮುಗಿಯಿತು.

ಆಮೇಲೆ ಪರೀಕ್ಷೆ. ನಲವತ್ತೆರಡು ಮಂದಿಗೆ
ನಲವತ್ತು ಜೆರಾಕ್ಸ್ ಕೊಟ್ಟ ಆಫೀಸು ಚಿರಾಯುವಾಗಲಿ.
ನಾಲ್ಕನೆಯ ಪ್ರಶ್ನೆ: ಎರಡು ಹಗ್ಗಕ್ಕೆ ಕಟ್ಟಿದ ದೋಣಿ,
ಪಶ್ಚಿಮದ ಗಾಳಿ, ಹಗ್ಗಗಳಲ್ಲಿ ಎಳೆತ ಎಷ್ಟು?
ಆ ದೋಣಿ ಕಟ್ಟಿದವಳು ನಾನೇ,
ಬೆಚ್ಚಗಿನ ಅಡುಗೆಮನೆಯಲ್ಲಿ, ಚಹಾ ಹೀರುತ್ತ.

ಯೆರ್ಕೊ ಸೂತ್ರ ಬರೆದಿಲ್ಲ. ಸಂಖ್ಯೆಯೂ ಇಲ್ಲ.
ದೋಣಿ ಬರೆದಿದ್ದಾನೆ, ಪಕ್ಕೆಗೆ ನೇತುಬಿಟ್ಟ ಹಳೇ ಟೈರು ಸಮೇತ,
ಗಂಟು ಎಂಥದ್ದೆಂದು ತಿಳಿಯುವಷ್ಟು ಬಿಡಿಸಿ.
ಕೆಳಗೆ: ಎರಡು ಸಾಲದು. ಹಿಂದಿನಿಂದ ಮೂರನೆಯದು ಬೇಕು.
ಇಲ್ಲವಾದರೆ ರಾತ್ರಿ ಮೂರಕ್ಕೆ ಎದ್ದು ಹೋಗಿ
ಹಿಡಿದು ನಿಲ್ಲಬೇಕಾಗುತ್ತದೆ.

ರಾತ್ರಿ ಮೂರಕ್ಕೆ.
ಪೆನ್ನು ಕೆಳಗಿಟ್ಟೆ. ಹಲ್ಲುಜ್ಜಿ ಬಂದೆ.
ಸೂತ್ರವಿಲ್ಲದಿದ್ದರೆ ಅಂಕವಿಲ್ಲ, ನಿಯಮ ನನ್ನದೇ.
ಎಷ್ಟು ಹಿಗ್ಗಿಸಿದರೂ ಏಳಕ್ಕೆ ಮೂರು ಪಾಯಿಂಟ್ ಒಂಬತ್ತು.
ಪಾಸಾಗಲು ನಾಲ್ಕು.
ಆ ಒಂದು ದಶಾಂಶವನ್ನು ಕೊಡಬಹುದಿತ್ತು.
ಕೊಡಲಿಲ್ಲ. ಯಾಕೆಂದು ಇವತ್ತಿಗೂ ನನಗೆ ಹರಿದಿಲ್ಲ.
ಮಾರ್ಜಿನ್ನಿನಲ್ಲಿ ಬರೆದೆ: ಮೂರನೆಯ ಹಗ್ಗದ ಕೋನ ಎಷ್ಟು?

ಗುರುವಾರ ಅವನಾಗಿಯೇ ಎದ್ದು ಬಂದ.
ಮಾರ್ಕರ್ ಗೀಚಿ ನೋಡಿದ, ಬುಟ್ಟಿಗೆ ಎಸೆದ
(ಅಷ್ಟು ಸುಲಭವಿತ್ತು ನೋಡಿ),
ನಮ್ಮೆಲ್ಲರ ಉಸಿರಿಗೆ ಮಸುಕಾದ ಕಿಟಕಿಯ ಮೇಲೆ
ಬೆರಳಿನಿಂದ ದಡ ಎಳೆದ, ದೋಣಿ ಎಳೆದ.
"ಕೋನ ಗಾಳಿಯನ್ನು ಕೇಳಬೇಕು ಪ್ರೊಫೆ, ನನ್ನನ್ನಲ್ಲ."
ಇಡೀ ಕ್ಲಾಸು ನಕ್ಕಿತು. ಕೇಳಿದೆವು, ಗಾಳಿಯನ್ನೇ.
ಬಾಣಗಳು, ಜಗಳ, ಕೊಸೈನ್, ಮತ್ತೆ ಜಗಳ.
ನಯಾರೆತ್ ಏನನ್ನೂ ವಿಚಾರಿಸದೆ ಬರೆದುಕೊಂಡಳು.
ಅಷ್ಟರಲ್ಲಿ ಹತ್ತು ಗಂಟೆ. ಬೆರಳು ಹಾದ ಗೆರೆಗಳಲ್ಲಿ ಮಾತ್ರ,
ಹಗ್ಗದಷ್ಟೇ ಅಗಲಕ್ಕೆ,
ಬೂದು ಬೂದಾಗಿ ಜಲಸಂಧಿ ಬಂತು.

ಸೋಮವಾರ ಅವನು ಮತ್ತೆ ಮಲಗಿದ.
ಬೈದೆ. ಬೈಯುವುದೂ ನನ್ನ ಸಂಬಳದೊಳಗೇ ಬರುತ್ತದೆ.
ಕಿಟಕಿ ಒರೆಸಲು ಬಂದ ಆಯಾಗೆ ಮಾತ್ರ
ಅದೊಂದು ಗಾಜು ಬಿಡಮ್ಮ ಅಂದೆ.
ಹೀಟರು ಕಾದು ಗಾಜು ಬೆವರುವಾಗಲೆಲ್ಲ
ದೋಣಿಗಿಂತ ಮೊದಲು
ಮೂರನೆಯ ಹಗ್ಗ ಮೂಡುತ್ತದೆ.